ಬರುವಾಗಿನ ರಾಗ

ನನ್ನ ಕಾಲು ಒಂದು ಕಡೆ ನಿಲ್ಲುವ ಜಾತಿಯದಲ್ಲ. ಆಸ್ಪತ್ರೆಯಲ್ಲಿ ನನ್ನನ್ನು ಎಲ್ಲರೂ ಬಿರುಗಾಳಿ ಸಿಸ್ಟರ್ ಎಂದು ಕರೆಯುವುದು ನನಗೆ ಗೊತ್ತು. ಎದುರಿಗೆ ಯಾರೂ ಕರೆಯುವುದಿಲ್ಲ, ಕರೆದರೂ ನನಗೇನೂ ಬೇಜಾರಿಲ್ಲ. ನಾನು ವಾರ್ಡಿನ ಈ ತುದಿಯಿಂದ ಆ ತುದಿಗೆ ಹೋಗಿ ಬರುವಷ್ಟರಲ್ಲಿ ಹೊಸದಾಗಿ ಸೇರಿದ ನರ್ಸುಗಳು ಇನ್ನೂ ಟ್ರೇ ಹುಡುಕುತ್ತಿರುತ್ತಾರೆ. ನನ್ನ ಮಗನೂ ಹಾಗೆಯೇ. ಹೊಟ್ಟೆಯಲ್ಲಿದ್ದಾಗಲೇ ಒಂದು ಗಳಿಗೆ ಸುಮ್ಮನಿದ್ದವನಲ್ಲ. ಅಂಥವನನ್ನು ಸೈನ್ಯದವರು ಹೆಜ್ಜೆ ಎಣಿಸಿಕೊಂಡು, ತಡೆದು ತಡೆದು, ಮೆಲ್ಲಗೆ ಕರೆದುಕೊಂಡು ಹೋಗುತ್ತೇವೆ ಎಂದಾಗ ನನಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು.

ಹಾಗೆ ಹೇಳಿದವನು ಅಂತ್ಯಕ್ರಿಯೆಯ ಶಿಷ್ಟಾಚಾರ ನೋಡಿಕೊಳ್ಳುವ ಅಧಿಕಾರಿ. ಹಿಂದಿನ ದಿನ ಮನೆಗೆ ಬಂದು, ಕುರ್ಚಿಯ ಅಂಚಿನಲ್ಲಿ ಕುಳಿತು, ನಾಳೆ ಏನೇನು ನಡೆಯುತ್ತದೆ ಎಂದು ವಿವರಿಸಿದ. ಪೆಟ್ಟಿಗೆಯನ್ನು ಫಿರಂಗಿ ಗಾಡಿಯ ಮೇಲೆ ಮೆಲ್ಲಗೆ ಇಡುತ್ತಾರೆ, ಮೆರವಣಿಗೆ ಮೆಲ್ಲಗೆ ಹೊರಡುತ್ತದೆ, ಧ್ವಜವನ್ನು ಮೆಲ್ಲಗೆ ಮಡಚುತ್ತಾರೆ, ನೀವು ಮೆಲ್ಲಗೆ ಎದ್ದು ನಿಲ್ಲಬೇಕು. ಎರಡು ಮಾತಿಗೊಮ್ಮೆ ಮೆಲ್ಲಗೆ. ಅವನು ಎದ್ದು ಹೋಗುವುದರೊಳಗೆ ನಾನು ಮನಸ್ಸಿನಲ್ಲೇ ಅವನಿಗೆ ಮೆಲ್ಲಗೆ ಸಾಹೇಬ ಎಂದು ಹೆಸರಿಟ್ಟಾಗಿತ್ತು. ಪಾಪ, ಒಳ್ಳೆಯವನೇ. ಆದರೆ ಒಳ್ಳೆಯವರನ್ನು ಸಹಿಸಿಕೊಳ್ಳುವ ತಾಳ್ಮೆ ಆ ದಿನ ನನ್ನಲ್ಲಿರಲಿಲ್ಲ.

ಮಗ ಯುದ್ಧದಲ್ಲಿ ಸತ್ತವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮನೆಗೆ ಬಂದವರೆಲ್ಲ ಗಡಿ, ಶತ್ರು, ಗುಂಡು ಎಂದು ಏನೇನೋ ಕಲ್ಪಿಸಿಕೊಂಡು ಬಂದು, ವಿಷಯ ತಿಳಿದ ಮೇಲೆ ಮುಖ ಸಪ್ಪಗೆ ಮಾಡಿಕೊಳ್ಳುತ್ತಿದ್ದರು. ಅವನು ರೆಜಿಮೆಂಟಿನ ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತಿದ್ದ. ಯಾವುದೋ ಸಮಾರಂಭಕ್ಕೆ ಬ್ಯಾಂಡಿನವರನ್ನು ಕರೆದೊಯ್ಯುತ್ತಿದ್ದ ಲಾರಿ ತಿರುವಿನಲ್ಲಿ ಮಗುಚಿಕೊಂಡಿತು. ಉಳಿದವರಿಗೆ ತರಚು ಗಾಯ, ಒಬ್ಬಿಬ್ಬರಿಗೆ ಮೂಳೆ ಮುರಿತ. ಇವನೊಬ್ಬನೇ ಹೋದ. ಅವನ ಡ್ರಮ್ಮಿಗೂ ಏನೂ ಆಗಿರಲಿಲ್ಲವಂತೆ.

ನನ್ನ ಅಕ್ಕನ ಗಂಡ, ಅಂದರೆ ಭಾವ, ಇದನ್ನು ಒಪ್ಪಿಕೊಳ್ಳಲಾರದೆ ಒದ್ದಾಡುತ್ತಿದ್ದರು. ಫೋನು ಮಾಡಿದವರಿಗೆಲ್ಲ "ಕರ್ತವ್ಯದಲ್ಲಿದ್ದಾಗ" ಎಂದಷ್ಟೇ ಹೇಳಿ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಕೇಳಿದವರು ಉಳಿದದ್ದನ್ನು ತಾವೇ ತುಂಬಿಕೊಳ್ಳಲಿ ಎಂಬ ಆಸೆ. ಮೆಲ್ಲಗೆ ಸಾಹೇಬ ಬಂದಾಗ ಅವರು ಕೇಳಿದ ಮೊದಲ ಪ್ರಶ್ನೆ, ಕುದುರೆ ಇರುತ್ತದೆಯೇ ಎಂದು. ಸವಾರನಿಲ್ಲದ ಕುದುರೆ, ಸವಾರ ಕಾಲಿಡುವ ರಿಕಾಪಿನಲ್ಲಿ ಹಿಂದುಮುಂದಾಗಿ ಸಿಕ್ಕಿಸಿದ ಬೂಟು, ಅದನ್ನೆಲ್ಲ ಅವರು ಟಿವಿಯಲ್ಲಿ ನೋಡಿದ್ದರು. ಅದು ದೊಡ್ಡ ಅಧಿಕಾರಿಗಳಿಗೆ ಮಾತ್ರ ಎಂದು ಸಾಹೇಬ ಹೇಳಿದಾಗ ಭಾವ ಸ್ವಲ್ಪ ಚೌಕಾಸಿಗೂ ಇಳಿದರು. ಅಕ್ಕ ಅವರನ್ನು ಎಬ್ಬಿಸಿ ಒಳಗೆ ಕಳಿಸಿದಳು.

ನನಗೆ ಕುದುರೆ ಬೇಕಿರಲಿಲ್ಲ. ನನಗೆ ಬೇಕಿದ್ದದ್ದು ಒಂದು ರಾಗ.

ಸೈನ್ಯದ ಶವಯಾತ್ರೆಯಲ್ಲಿ ಹೋಗುವಾಗ ಡ್ರಮ್ಮುಗಳಿಗೆ ಕಪ್ಪು ಬಟ್ಟೆ ಸುತ್ತಿರುತ್ತಾರೆ. ಎಷ್ಟು ಜೋರಾಗಿ ಬಡಿದರೂ ಸದ್ದು ಒಳಗೇ ಉಳಿದುಬಿಡುತ್ತದೆ. ಮಣ್ಣು ಮಾಡಿ ಎಲ್ಲ ಮುಗಿದ ಮೇಲೆ ಬ್ಯಾಂಡಿನವರು ಆ ಬಟ್ಟೆ ಬಿಚ್ಚಿ, ಚುರುಕಾದ ರಾಗವೊಂದನ್ನು ನುಡಿಸುತ್ತಾ ಬಿರಬಿರನೆ ಬ್ಯಾರಕ್ಕಿಗೆ ವಾಪಸಾಗುತ್ತಾರೆ. ಸತ್ತವನಿಗೆ ಸಲ್ಲಬೇಕಾದದ್ದು ಸಂದಾಯಿತು, ಇನ್ನು ಉಳಿದವರು ಕೆಲಸಕ್ಕೆ ಮರಳಬೇಕು ಎಂದು ಅದರ ಅರ್ಥವಂತೆ. ಮಗನ ರೆಜಿಮೆಂಟಿಗೆ ಇದಕ್ಕೆಂದೇ ಬೇರೆ ಒಂದು ರಾಗವಿತ್ತು. ಅದನ್ನು ಮದುವೆಗೆ, ಪರೇಡಿಗೆ, ಮಂತ್ರಿ ಬಂದಾಗ ಎಲ್ಲೂ ನುಡಿಸುವಂತಿರಲಿಲ್ಲ. ಮಣ್ಣು ಮಾಡಿ ಬರುವಾಗ ಮಾತ್ರ.

ಇದನ್ನೆಲ್ಲ ಅವನೇ ಒಮ್ಮೆ ರಜೆಗೆ ಬಂದಾಗ, ಬಾಯಿ ತುಂಬ ಅನ್ನ ಇಟ್ಟುಕೊಂಡು ಹೇಳಿದ್ದ. ಬ್ಯಾಂಡಿಗೆ ಸೇರಿದ ಮೇಲೆ ಕಲಿತದ್ದರಲ್ಲೆಲ್ಲ ಅವನಿಗೆ ಅದೇ ಇಷ್ಟವಂತೆ. ಉಳಿದ ರಾಗಗಳಲ್ಲಿ ಡ್ರಮ್ಮು ತುತ್ತೂರಿಯ ಹಿಂದೆ ಓಡುವ ಆಳು, ಇದರಲ್ಲಿ ಮಾತ್ರ ಡ್ರಮ್ಮೇ ಯಜಮಾನ ಎಂದು ನಕ್ಕಿದ್ದ. ಸ್ಮಶಾನದಿಂದ ಬರುತ್ತಾ ಕುಣಿತದ ರಾಗವೇ, ನಾಚಿಕೆಯಾಗುವುದಿಲ್ಲವೇ ಎಂದು ನಾನು ಕೇಳಿದ್ದೆ. ಆಮೇಲೆ, ಎಲ್ಲಿ, ಮೇಜಿನ ಮೇಲೆ ಸ್ವಲ್ಪ ಬಾರಿಸು ನೋಡೋಣ ಎಂದೆ. ಊಟದ ತಟ್ಟೆಯಿಂದ ಕಿಟಕಿಯ ಸರಳಿನವರೆಗೆ ಕೈಗೆ ಸಿಕ್ಕಿದ್ದನ್ನೆಲ್ಲ ಬಡಿಯುವವನು ಆ ದಿನ ಜಪ್ಪಯ್ಯ ಎಂದರೂ ಬಾರಿಸಲಿಲ್ಲ.

"ಮನೇಲಿ ನುಡಿಸಬಾರದು ಅಮ್ಮಾ. ಅದನ್ನ ಕೇಳೋ ಛಾನ್ಸು ನಿನಗಿಲ್ಲ, ಬಿಡು."

ಅವನ ಅಂಗಿಗಳು ನನ್ನ ಹತ್ತಿರ ಇದ್ದವು. ಹಲ್ಲುಜ್ಜುವ ಬ್ರಷ್ಷಿತ್ತು. ಫೋನಿನಲ್ಲಿ ಅವನ ಧ್ವನಿ ಇತ್ತು, ಬಹಳಷ್ಟು ಸಲ ದುಡ್ಡು ಕಳಿಸು ಎನ್ನುವ ಧ್ವನಿ. ಅವನಿಗೆ ಎಲ್ಲಕ್ಕಿಂತ ಇಷ್ಟವಾಗಿದ್ದ ಆ ಒಂದೇ ಒಂದು ರಾಗ ಮಾತ್ರ ನನ್ನ ಹತ್ತಿರ ಇರಲಿಲ್ಲ. ಅದು ನನಗೆ ಬೇಕಿತ್ತು. ನಾಳೆ ತಪ್ಪಿದರೆ ಮತ್ತೆಂದೂ ಸಿಗುವುದಿಲ್ಲ ಎಂದೂ ಗೊತ್ತಿತ್ತು. ಹಾಗಾಗಿ ಮೆಲ್ಲಗೆ ಸಾಹೇಬ ಇನ್ನೇನಾದರೂ ಕೇಳುವುದಿದೆಯೇ ಎಂದಾಗ, ಬರುವಾಗಿನ ರಾಗ ನುಡಿಸುವಾಗ ನಾನು ಎಲ್ಲಿ ನಿಲ್ಲಬೇಕು ಎಂದು ಕೇಳಿದೆ.

ಅವನು ತಬ್ಬಿಬ್ಬಾದ. ಅದು ಮನೆಯವರಿಗಲ್ಲ ಎಂದ. ಹಿಂದೊಮ್ಮೆ ಒಬ್ಬ ತಂದೆ ಅದನ್ನು ಕೇಳಿಸಿಕೊಂಡು ದೊಡ್ಡ ರಂಪವಾಗಿ, ದೂರು ಮೇಲಿನವರೆಗೆ ಹೋಯಿತಂತೆ. ಅಂದಿನಿಂದ ಕಟ್ಟುನಿಟ್ಟು: ಮನೆಯವರ ಕಾರು ಬೇರೆ ರಸ್ತೆಯಲ್ಲಿ ಹೊರಟು ಕಣ್ಮರೆಯಾದ ಮೇಲೆಯೇ ಡ್ರಮ್ಮಿನ ಬಟ್ಟೆ ಬಿಚ್ಚುವುದು. ನಾನು ರಂಪ ಮಾಡುವುದಿಲ್ಲ ಎಂದೆ. ಆ ಮಾತನ್ನು ಹೇಳಿದ ದನಿಯೇ ಅರ್ಧ ರಂಪದಂತಿತ್ತು. ಅಕ್ಕ ಮೇಜಿನ ಕೆಳಗೆ ನನ್ನ ತೊಡೆ ಜಿಗುಟಿದಳು. ಸಾಹೇಬ ಮೆಲ್ಲಗೆ ಎದ್ದು, ಮೆಲ್ಲಗೆ ಬಾಗಿಲು ಮುಂದೆ ಮಾಡಿಕೊಂಡು ಹೋದ.

ಮರುದಿನ ನಮ್ಮನ್ನು ಬ್ಯಾರಕ್ಕಿನ ಪಕ್ಕದ ಕೋಣೆಯಲ್ಲಿ ಕೂರಿಸಿದರು. ಗೋಡೆಯ ತುಂಬ ಮೀಸೆ ಹೊತ್ತ ಹಳೆಯ ದಂಡನಾಯಕರ ಫೋಟೋಗಳು, ನಡುವೆ ಒಂದು ಮೇಜು, ಮೇಜಿನ ಮೇಲೆ ಯಾರೂ ಮುಟ್ಟದ ಬಿಸ್ಕತ್ತು. ನಾನು ಕಿಟಕಿಗೆ ಹೋಗುವುದು, ಬಾಗಿಲಿಗೆ ಬರುವುದು, ಮತ್ತೆ ಕಿಟಕಿಗೆ. ಕುಳಿತುಕೊಳ್ಳೇ ಮಾರಾಯ್ತಿ, ನೋಡಿ ನೋಡಿ ನನಗೇ ತಲೆ ಸುತ್ತುತ್ತಿದೆ ಎಂದು ಅಕ್ಕ ಅಂಗಲಾಚಿದಳು. ಕುಳಿತರೆ ಮಂಡಿ ಕುಣಿಯುತ್ತಿತ್ತು. ಮಂಡಿಯ ಮೇಲೆ ಕೈ ಇಟ್ಟರೆ ಕೈಯೂ ಕುಣಿಯುತ್ತಿತ್ತು. ಮೈಯೊಳಗೆ ಏನೋ ಒಂದು ಹೊರಗೆ ಬರಲು ದಾರಿ ಹುಡುಕುತ್ತಿದ್ದ ಹಾಗಿತ್ತು, ಅದು ಅಳುವಾಗಿದ್ದರೆ ಎಷ್ಟೋ ಚೆನ್ನಾಗಿತ್ತು.

ಮೆರವಣಿಗೆ ಹೊರಟಿತು. ಎಲ್ಲಕ್ಕಿಂತ ಮುಂದೆ ಬಂದೂಕಿನವರು. ಬಂದೂಕಿನ ಬಾಯಿ ನೆಲದ ಕಡೆಗೆ ತಿರುಗಿಸಿ, ಹಿಡಿಯನ್ನು ಕಂಕುಳಿಗೆ ಒತ್ತಿಕೊಂಡು, ತಲೆ ತಗ್ಗಿಸಿ ನಡೆಯುತ್ತಿದ್ದರು. ಅವರ ಹಿಂದೆ ಬ್ಯಾಂಡು. ಆಮೇಲೆ ಫಿರಂಗಿ ಗಾಡಿ, ಅದರ ಮೇಲೆ ಧ್ವಜ ಹೊದಿಸಿದ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಅವನ ಟೋಪಿ, ಬೆಲ್ಟು, ಒಂದರ ಮೇಲೊಂದು ಅಡ್ಡವಾಗಿ ಇಟ್ಟ ಎರಡು ಡ್ರಮ್ಮಿನ ಕೋಲು. ಗಾಡಿಯ ಹಿಂದೆ ನಾವು. ಟೋಪಿ ಸ್ವಲ್ಪ ಎಡಕ್ಕೆ ವಾಲಿತ್ತು. ಅದನ್ನು ಸರಿ ಮಾಡಬೇಕೆಂದು ನನಗೆ ಎಷ್ಟು ಅನಿಸಿತೆಂದರೆ, ಕೈ ಕಟ್ಟಿಕೊಂಡು ನಡೆಯಬೇಕಾಯಿತು.

ಆ ನಡಿಗೆ ಒಂದು ಶಿಕ್ಷೆ. ಹೆಜ್ಜೆ ಎತ್ತುತ್ತಾರೆ, ಗಾಳಿಯಲ್ಲೇ ಒಂದು ಚಣ ತಡೆಯುತ್ತಾರೆ, ಆಮೇಲೆ ಇಡುತ್ತಾರೆ. ನಾನು ಎರಡು ಸಲ ಗಾಡಿಯ ಹತ್ತಿರಕ್ಕೆ ಹೋಗಿಬಿಟ್ಟೆ, ಎರಡು ಸಲವೂ ಅಕ್ಕ ಮೊಣಕೈ ಹಿಡಿದು ಹಿಂದಕ್ಕೆಳೆದಳು. ಬೀದಿಯ ಎರಡೂ ಕಡೆ ಜನ. ಅಂಗಡಿಯವರು ಶಟರು ಅರ್ಧಕ್ಕೆ ಇಳಿಸಿ ಹೊರಗೆ ಬಂದು ನಿಂತಿದ್ದರು. ಒಬ್ಬ ಸ್ಕೂಟರಿನವನು ಇಂಜಿನ್ ಆರಿಸಿ, ಹೆಲ್ಮೆಟ್ ತೆಗೆದು ಎದೆಗೆ ಹಿಡಿದುಕೊಂಡ. ಒಬ್ಬ ಮುದುಕ ಭಾವನ ಕಡೆ ಬಾಗಿ ಯಾರು ಹೋದದ್ದು ಎಂದು ಪಿಸುಗುಟ್ಟಿದ. ವೀರ ಎಂದರು ಭಾವ. ಡ್ರಮ್ ಬಾರಿಸುವವನು ಎಂದೆ ನಾನು, ಅರ್ಧ ಬೀದಿಗೆ ಕೇಳಿಸುವ ಹಾಗೆ. ಮುದುಕ ನಮ್ಮಿಬ್ಬರನ್ನೂ ನೋಡಿ, ಯಾವುದಕ್ಕೂ ಇರಲಿ ಎಂದು ಇನ್ನಷ್ಟು ತಲೆ ಬಾಗಿಸಿದ.

ತಿರುವು ಬಂದಾಗ ಬ್ಯಾಂಡು ಪಕ್ಕದಿಂದ ಕಾಣಿಸಿತು. ಡ್ರಮ್ಮಿನವರ ಸಾಲಿನಲ್ಲಿ ಒಂದು ಜಾಗ ಖಾಲಿ ಇತ್ತು. ಯಾರೋ ತಪ್ಪಿ ಹಿಂದುಳಿದಿದ್ದಾರೆ ಎಂದುಕೊಂಡೆ. ಆಮೇಲೆ ಅರ್ಥವಾಯಿತು. ಅದು ಅವನು ನಿಲ್ಲುತ್ತಿದ್ದ ಜಾಗ. ಅಕ್ಕಪಕ್ಕದವರು ಒಂದಿಷ್ಟೂ ಅತ್ತ ಸರಿಯದೆ, ಅವನ ಭುಜಕ್ಕೆ, ಅವನ ಡ್ರಮ್ಮಿಗೆ ಎಷ್ಟು ಬೇಕೋ ಅಷ್ಟು ಬಿಟ್ಟು ನಡೆಯುತ್ತಿದ್ದರು. ರಸ್ತೆಯಲ್ಲಿ ಗುಂಡಿ ಬಂದಾಗ ಸಾಲು ಬಳುಕಿತು, ಖಾಲಿ ಜಾಗವೂ ಜೊತೆಗೇ ಬಳುಕಿತು. ಪೆಟ್ಟಿಗೆಯೊಳಗೆ ಮಗ ಇದ್ದಾನೆ ಎಂದು ನನಗೆ ಅಲ್ಲಿಯವರೆಗೂ ನಿಜವಾಗಿ ಅನಿಸಿರಲಿಲ್ಲ. ಆ ಜಾಗದಲ್ಲಿ ಮಾತ್ರ ಅವನಿದ್ದಾನೆ ಎಂದು ಅನಿಸಿತು. ಉಳಿದ ದಾರಿಯುದ್ದಕ್ಕೂ ನಾನು ಪೆಟ್ಟಿಗೆ ನೋಡಲೇ ಇಲ್ಲ, ಕತ್ತು ಚಾಚಿ ಚಾಚಿ ಅದನ್ನೇ ನೋಡುತ್ತಾ ಹೋದೆ.

ಸ್ಮಶಾನದಲ್ಲಿ ಎಲ್ಲ ಹೇಳಿದ ಹಾಗೆಯೇ ನಡೆಯಿತು. ಆಕಾಶಕ್ಕೆ ಮೂರು ಸಲ ಗುಂಡು ಹಾರಿಸಿದರು. ಹಿಂದಿನ ಕಾಲದಲ್ಲಿ ಹೆಣಗಳನ್ನು ಎತ್ತಿಕೊಳ್ಳಲು ಕಾದಾಟ ನಿಲ್ಲಿಸುತ್ತಿದ್ದರಂತೆ. ಎತ್ತಿಕೊಂಡು ಆಯಿತು, ಇನ್ನು ಶುರು ಮಾಡಬಹುದು ಎಂದು ತಿಳಿಸಲು ಮೂರು ಸಲ ಗುಂಡು. ಸಾಹೇಬ ಇದನ್ನು ಹೇಳಿದಾಗಲೇ ನನಗೆ ಹಿಡಿಸಿತ್ತು, ಸೈನ್ಯದವರು ಅಷ್ಟಾದರೂ ನೇರವಾಗಿದ್ದಾರೆ ಎಂದು. ಆಮೇಲೆ ಬ್ಯೂಗಲ್ಲು. ಪ್ರತಿ ಗುಂಡಿಗೂ ಬೆಚ್ಚಿಬಿದ್ದ ಅಕ್ಕ ಬ್ಯೂಗಲ್ಲಿಗೆ ಜೋರಾಗಿ ಅತ್ತುಬಿಟ್ಟಳು. ಭಾವನೂ ಅತ್ತರು, ನಿಜವಾಗಿ ಅತ್ತರು, ಮೂಗು ಒರೆಸಿಕೊಳ್ಳುವುದನ್ನೂ ಮರೆತು. ಅವರ ಮೇಲಿದ್ದ ನನ್ನ ಸಿಟ್ಟು ಅಲ್ಲಿಗೆ ಇಳಿಯಿತು. ನನಗೆ ಮಾತ್ರ ಅಳು ಬರಲಿಲ್ಲ. ನಾನು ಬ್ಯಾಂಡಿನವರು ಎಲ್ಲಿ ನಿಂತಿದ್ದಾರೆ, ಯಾವ ಬಾಗಿಲಿನಿಂದ ಹೊರಗೆ ಹೋಗುತ್ತಾರೆ ಎಂದು ನೋಡಿಟ್ಟುಕೊಳ್ಳುತ್ತಿದ್ದೆ.

ಬಿಳಿ ಕೈಗವಸಿನ ಸೈನಿಕರು ಧ್ವಜವನ್ನು ಎಳೆದು, ಮಡಚಿ, ನೀವಿ, ಮತ್ತೆ ಮಡಚಿ, ಗಟ್ಟಿಯಾದ ಒಂದು ಕಟ್ಟು ಮಾಡಿದರು. ಮೆಲ್ಲಗೆ ಸಾಹೇಬ ಅದನ್ನು ತಂದು ನನ್ನ ಮುಂದೆ ಮಂಡಿಯೂರಿ, ದೇಶದ ಪರವಾಗಿ, ಸೈನ್ಯದ ಪರವಾಗಿ ಎಂದು ಬಾಯಿಪಾಠದ ಮಾತು ಹೇಳಿದ. ನಾನು ಧ್ವಜ ತೆಗೆದುಕೊಂಡು, ರಾಗ ಎಂದೆ. ಅವನು ಎದ್ದು ನಿಂತು, ಕಾರು ಸಿದ್ಧವಾಗಿದೆ ಅಮ್ಮಾ ಎಂದ.

ಕಾರು ಹಿಂದಿನ ಬಾಗಿಲಿನಿಂದ ಹೊರಟಿತು. ನನ್ನ ತೊಡೆಯ ಮೇಲೆ ಧ್ವಜ, ಒಂದು ಪಕ್ಕದಲ್ಲಿ ಅಕ್ಕ, ಮುಂದೆ ಭಾವ. ಡ್ರೈವರ್ ಕನ್ನಡಿಯಲ್ಲಿ ನನ್ನನ್ನು ನೋಡಿ ಕಣ್ಣು ತಪ್ಪಿಸಿದ. ನಾವು ಆ ಮುಂದಿನ ತಿರುವು ದಾಟಿದ ಕೂಡಲೇ ಅಲ್ಲಿ ಅವರು ಬಟ್ಟೆ ಬಿಚ್ಚುತ್ತಾರೆ. ಕಾರು ಮುಂದೆ ಹೋದಷ್ಟೂ ರಾಗ ಹತ್ತಿರವಾಗುತ್ತಿತ್ತು, ನನಗಲ್ಲ, ಉಳಿದ ಊರಿಗೆಲ್ಲ. ದಾರಿಯಲ್ಲಿ ಸೊಪ್ಪು ಮಾರುವವಳಿಗೆ ಕೇಳಿಸುತ್ತದೆ, ಸ್ಕೂಟರಿನವನಿಗೆ ಕೇಳಿಸುತ್ತದೆ, ಹೆತ್ತವಳಿಗೆ ಬೇಡವಂತೆ. ಸಿಗ್ನಲ್ಲು ಕೆಂಪಾಯಿತು. ಕಾರು ನಿಂತಿತು. ನಾನು ಬಾಗಿಲು ತೆಗೆದೆ.

ಅಕ್ಕ ನನ್ನ ಸೆರಗು ಹಿಡಿದುಕೊಂಡಳು. "ಎಲ್ಲಿಗೇ? ತಲೆಗಿಲೆ ಕೆಟ್ಟಿದೆಯಾ ನಿನಗೆ?"

"ಇದನ್ನ ಹಿಡ್ಕೋ," ಎಂದು ಧ್ವಜವನ್ನು ಅವಳ ಕೈಯಲ್ಲಿಟ್ಟೆ. ಅದನ್ನು ಹಿಡಿಯಬೇಕೆಂದರೆ ಸೆರಗು ಬಿಡಬೇಕು. ಬಿಟ್ಟಳು.

ಓಡಿದೆ. ಈ ವಯಸ್ಸಿನಲ್ಲಿ, ಆ ಬಟ್ಟೆಯಲ್ಲಿ, ಬೀದಿಯ ಜನರೆಲ್ಲ ನೋಡುತ್ತಿರುವಾಗ. ಬೆಳಗಿನಿಂದ ಕಟ್ಟಿ ಹಾಕಿದ್ದ ಕಾಲುಗಳು ಈಗ ನನ್ನ ಮಾತಿಗೂ ಕಾಯುತ್ತಿರಲಿಲ್ಲ. ಸ್ಮಶಾನದ ಮುಂಬಾಗಿಲಿಗೆ ಬಂದಾಗ ಬ್ಯಾಂಡಿನವರು ರಸ್ತೆಯಲ್ಲಿ ಸಾಲಾಗಿ ನಿಂತು ಡ್ರಮ್ಮಿನ ಬಟ್ಟೆ ಬಿಚ್ಚುತ್ತಿದ್ದರು. ಕೆಲವರು ಆಗಲೇ ಬಿಚ್ಚಿ, ಮುದುಡಿ, ಜೇಬಿಗೆ ತುರುಕಿಕೊಂಡಿದ್ದರು. ಒಬ್ಬ ಏನೋ ಹೇಳಿ ಇನ್ನೊಬ್ಬ ನಗುತ್ತಿದ್ದ. ನನ್ನನ್ನು ಕಂಡು ಆ ನಗು ಅಲ್ಲೇ ಸತ್ತಿತು. ಎಲ್ಲರೂ ಗರಬಡಿದವರಂತೆ ನಿಂತರು.

ಬ್ಯಾಂಡ್ ಮಾಸ್ಟರು ನನ್ನ ಕಡೆಗೆ ಬಂದರು. ಹಣೆಯ ಮೇಲೆ ಬ್ಯಾಂಡೇಜು, ಟೋಪಿಯನ್ನು ಅದರ ಮೇಲೆ ಹೇಗೋ ಕೂರಿಸಿದ್ದರು. ಅದೇ ಲಾರಿಯಲ್ಲಿದ್ದವರು. ಅವರು ಅಷ್ಟೇ ಮರ್ಯಾದೆಯಿಂದ, ಅಷ್ಟೇ ಗಟ್ಟಿಯಾಗಿ, ಮನೆಯವರು ಇರುವಾಗ ನುಡಿಸುವಂತಿಲ್ಲ ಎಂದರು. ನಾನು ಒಂದೇ ಉಸಿರಿನಲ್ಲಿ ಎಲ್ಲ ಹೇಳಿದೆ. ಅವನಿಗೆ ಇದೇ ಇಷ್ಟವಿದ್ದದ್ದು, ನನಗೆ ಕೇಳಿಸದೆ ಹೋದದ್ದು, ಇವತ್ತು ತಪ್ಪಿದರೆ ಇಲ್ಲ ಎಂಬುದು. ಯಾವನೋ ಒಬ್ಬ ತಂದೆಗೆ ರಾಗ ಹಿಡಿಸಲಿಲ್ಲ ಎಂದು ನನ್ನ ಬಾಯಿಗೆ ಯಾಕೆ ಮಣ್ಣು ಹಾಕುತ್ತೀರಿ ಎಂದು ಕೇಳಿದೆ. ಅವರು ತಲೆ ತಗ್ಗಿಸಿಕೊಂಡು ಪೂರ್ತಿ ಕೇಳಿಸಿಕೊಂಡರು.

"ಅವರು ಗಲಾಟೆ ಮಾಡಿದ್ದು ರಾಗಕ್ಕಲ್ಲ ಅಮ್ಮಾ," ಎಂದರು. "ನುಡಿಸೋದಕ್ಕೆ ಮುಂಚೆ ಸಾಲು ಮುಚ್ಚಬೇಕು."

ಮುಚ್ಚುವುದು ಎಂದರೇನೆಂದು ಕೇಳಿದೆ. ಅವರು ಡ್ರಮ್ಮಿನ ಸಾಲಿನ ಕಡೆ ಕೈ ತೋರಿಸಿದರು. ಹೋಗುವಾಗ ಸತ್ತವನ ಜಾಗ ಬಿಟ್ಟು ನಡೆಯುವುದು ಪದ್ಧತಿ. ಬರುವಾಗ ಹಿಂದಿನ ಸಾಲಿನವನೊಬ್ಬ ಮುಂದೆ ಬಂದು ಆ ಜಾಗದಲ್ಲಿ ನಿಲ್ಲಬೇಕು. ಜಾಗ ಖಾಲಿ ಇಟ್ಟುಕೊಂಡು ಆ ರಾಗ ನುಡಿಸುವಂತಿಲ್ಲ. ಅದು ಬದುಕಿರುವವರ ರಾಗ, ಅದರಲ್ಲಿ ತೂತು ಇರಬಾರದು. ಆ ತಂದೆ, ತನ್ನ ಮಗನ ಜಾಗಕ್ಕೆ ಇನ್ನೊಬ್ಬ ಬಂದು ನಿಂತದ್ದನ್ನು ನೋಡಿ, ಬಂದು ನಿಂತವನ ಕಾಲರು ಹಿಡಿದು ಹೊರಗೆ ಎಳೆದುಹಾಕಿದ್ದರಂತೆ. ಎಳೆಸಿಕೊಂಡವನು ಇವತ್ತಿಗೂ ಬ್ಯಾಂಡಿನಲ್ಲಿದ್ದಾನೆ, ಆ ಮಾತೆತ್ತಿದರೆ ಎದ್ದು ಹೋಗುತ್ತಾನೆ ಎಂದರು.

ನಾನು ಸಾಲಿನ ಕಡೆ ನೋಡಿದೆ. ಆ ಜಾಗ ಇನ್ನೂ ಹಾಗೆಯೇ ಇತ್ತು. ಎರಡು ಡ್ರಮ್ಮುಗಳ ನಡುವೆ ರಸ್ತೆಯ ಡಾಂಬರು ಕಾಣಿಸುತ್ತಿತ್ತು, ಅಷ್ಟೇ. ಅದರ ಹಿಂದೆ, ಕಿವಿಯ ಹತ್ತಿರ ಕೂದಲು ನರೆತ ಡ್ರಮ್ಮಿನವನೊಬ್ಬ ನೆಲ ನೋಡುತ್ತಾ ನಿಂತಿದ್ದ. ಮುಂದೆ ಬರಬೇಕಾದವನು ಅವನೇ ಎಂದು ಯಾರೂ ಹೇಳಬೇಕಾಗಿರಲಿಲ್ಲ.

ವಾರ್ಡಿನಲ್ಲಿ ಯಾರಾದರೂ ತೀರಿಕೊಂಡರೆ ನಾನು ಮೊದಲು ಮಾಡುವ ಕೆಲಸ ಮನೆಯವರನ್ನು ಹೊರಗೆ ಕಳಿಸುವುದು. ಕಾಫಿ ಕುಡಿದು ಬನ್ನಿ, ಮುಖ ತೊಳೆದುಕೊಂಡು ಬನ್ನಿ ಎಂದು ಏನಾದರೊಂದು ಹೇಳುತ್ತೇನೆ. ಅವರು ಅತ್ತ ಹೋದ ಮೇಲೆ ಹಾಸಿಗೆಯ ಬಟ್ಟೆ ಕೀಳುತ್ತೇವೆ, ರೆಕ್ಸಿನ್ ಒರೆಸುತ್ತೇವೆ, ಹೊಸ ಚಾದರ ಹಾಸುತ್ತೇವೆ. ಹೊರಗೆ ಬೇರೊಬ್ಬ ರೋಗಿ ಸ್ಟ್ರೆಚರಿನ ಮೇಲೆ ಕಾಯುತ್ತಿರುತ್ತಾನೆ. ಎಷ್ಟೋ ಸಲ ಯಾರಾದರೂ ಬಿಟ್ಟುಹೋದ ಕನ್ನಡಕಕ್ಕೋ ಚಪ್ಪಲಿಗೋ ವಾಪಸು ಬಂದು, ಬಾಗಿಲಲ್ಲೇ ನಿಂತು, ಆ ಹಾಸಿಗೆಯಲ್ಲಿ ಮಲಗಿದ ಹೊಸಬನನ್ನು ನೋಡುತ್ತಾರೆ. ಆ ನೋಟವನ್ನು ನಾನು ಬಲ್ಲೆ. ಇಷ್ಟು ವರ್ಷ ಕೆಲಸ ಮಾಡಿಯೂ ಅದರೆದುರು ನಿಲ್ಲಲಾರದೆ ಔಷಧಿಯ ಕೋಣೆಗೆ ಹೋಗಿಬಿಡುತ್ತೇನೆ. ಈ ಬ್ಯಾಂಡ್ ಮಾಸ್ಟರು ನನ್ನನ್ನು ಕಾಫಿಗೆ ಕಳಿಸುತ್ತಿದ್ದಾರೆ, ನಾನು ಚಪ್ಪಲಿಗೆ ವಾಪಸು ಬಂದಿದ್ದೇನೆ. ಅಷ್ಟು ನನಗೆ ಅರ್ಥವಾಯಿತು. ಅರ್ಥವಾದ ಮೇಲೂ ಕಾಲು ಕದಲಲಿಲ್ಲ.

"ಮುಚ್ಚಿ. ಪರವಾಗಿಲ್ಲ," ಎಂದೆ.

ಅವರು ತಲೆ ಅಲ್ಲಾಡಿಸಿದರು. "ನಿಮ್ಮೆದುರಿಗೆ ನನ್ನ ಬಾಯಲ್ಲಿ ಆ ಆರ್ಡರು ಬರಲ್ಲಮ್ಮಾ. ನಿಮ್ಮ ಮಗ ನನ್ನ ಪಕ್ಕದಲ್ಲೇ ಕೂತಿದ್ದ ಲಾರೀಲಿ."

ಅವರ ಕಣ್ಣು ತುಂಬಿಬಂತು. ಬ್ಯಾಂಡೇಜಿನ ಕೆಳಗೆ ಆ ಮುಖ ಮಗುವಿನದರಂತೆ ಆಯಿತು. ನನಗೆ ಅವರನ್ನು ಸಮಾಧಾನ ಮಾಡುವ ಶಕ್ತಿ ಇರಲಿಲ್ಲ, ಹೊತ್ತೂ ಇರಲಿಲ್ಲ. ಅಕ್ಕನ ಕಾರು ಯಾವ ಗಳಿಗೆಯಲ್ಲಾದರೂ ತಿರುಗಿ ಬರಬಹುದಿತ್ತು. ಹಾಗಾದರೆ ನಾನೇ ಹೇಳುತ್ತೇನೆ, ಏನೆಂದು ಹೇಳಬೇಕು ಎಂದು ಕೇಳಿದೆ. ಅವರು ನನ್ನನ್ನೇ ನೋಡಿದರು. ಆಮೇಲೆ ಬಹಳ ಸಣ್ಣ ದನಿಯಲ್ಲಿ ಹೇಳಿಕೊಟ್ಟರು.

ನಾನು ಸಾಲಿನ ಎದುರಿಗೆ ಹೋಗಿ ನಿಂತೆ. ಬಾಯಿ ತೆರೆದೆ, ಗಾಳಿ ಮಾತ್ರ ಬಂತು. ಇಡೀ ವಾರ್ಡನ್ನು ಗದರಿಸುವ ಗಂಟಲು ಎಲ್ಲಿ ಹೋಯಿತೋ. ಹಲ್ಲು ಕಚ್ಚಿ, ಮತ್ತೆ ತೆರೆದೆ.

"ಸಾಲು ಮುಚ್ಚಿ."

ನರೆಗೂದಲಿನವನು ಕಣ್ಣು ಮುಚ್ಚಿಕೊಂಡು ಮುಂದೆ ಬಂದ. ಒಂದೇ ಹೆಜ್ಜೆ, ಆಮೇಲೆ ಅರ್ಧ. ಅಕ್ಕಪಕ್ಕದವರ ಭುಜಕ್ಕೆ ಭುಜ ತಾಗಿತು. ನಾನು ನೋಡುತ್ತಲೇ ಇದ್ದೆ. ಡಾಂಬರು ಕಾಣಿಸಲಿಲ್ಲ. ಸಾಲು ಪೂರ್ತಿಯಾಗಿತ್ತು, ಅಲ್ಲಿ ಯಾರಾದರೂ ಕಡಿಮೆ ಇದ್ದರು ಎಂದು ಹೊಸದಾಗಿ ನೋಡುವವರಿಗೆ ತಿಳಿಯುವ ಹಾಗೇ ಇರಲಿಲ್ಲ. ಅವನ ಕಾಲರಿಗೆ ಕೈ ಹಾಕಬೇಕೆಂದು ನನಗೂ ಅನಿಸಿತು, ಸುಳ್ಳು ಹೇಳುವುದಿಲ್ಲ. ಅಷ್ಟರಲ್ಲಿ ಬ್ಯಾಂಡ್ ಮಾಸ್ಟರು ಕೋಲು ಎತ್ತಿದರು.

ಮೊದಲು ಡ್ರಮ್ಮು. ಬಟ್ಟೆ ಬಿಚ್ಚಿದ ಡ್ರಮ್ಮಿನ ಸದ್ದು ಬೀದಿಯ ಎರಡೂ ಗೋಡೆಗೆ ಬಡಿದು ಹಿಂತಿರುಗಿತು. ಆಮೇಲೆ ತುತ್ತೂರಿಗಳು, ಕೊಳಲುಗಳು, ಅದರ ಹಿಂದೆ ಏದುಸಿರು ಬಿಡುತ್ತಾ. ಅಯ್ಯೋ, ಎಂಥ ಪೋಲಿ ರಾಗ ಅದು. ತಲೆಹರಟೆ ಮಾಡುವ ರಾಗ. ಎಲ್ಲೋ ಎಡವಿ, ಬೀಳುವಂತೆ ಮಾಡಿ, ಬೀಳದೆ, ನಾಲಗೆ ಹೊರಹಾಕಿ ಓಡಿಹೋಗುತ್ತಿತ್ತು. ಅವನಿಗೆ ಇದು ಇಷ್ಟವಾಗದೆ ಇನ್ನೇನು ಇಷ್ಟವಾಗುತ್ತದೆ ಎಂದುಕೊಂಡೆ. ಬ್ಯಾಂಡು ಹೊರಟಿತು, ನಾನೂ ಪಕ್ಕದಲ್ಲಿ ಹೊರಟೆ. ಬೆಳಗಿನಿಂದ ಮೊದಲ ಸಲ ಯಾರೂ ನನ್ನ ಮೊಣಕೈ ಹಿಡಿದು ಎಳೆಯಲಿಲ್ಲ.

ಬಂದ ದಾರಿಯೇ. ಶಟರುಗಳು ಮೇಲೆ ಹೋಗಿದ್ದವು. ಒಂದು ಅಂಗಡಿಯ ಮುಂದೆ ನೀರು ಚಿಮುಕಿಸುತ್ತಿದ್ದವನು ಬ್ಯಾಂಡಿಗೆ ದಾರಿ ಬಿಟ್ಟ. ಗಾಜಿನ ಹಿಂದೆ ಚಪ್ಪಲಿ ಜೋಡಿಸಿಟ್ಟಿದ್ದರು. ಒಂದು ಕಂದು ಬಣ್ಣದ್ದು ಚೆನ್ನಾಗಿತ್ತು, ಹಿಮ್ಮಡಿ ಎತ್ತರವಿಲ್ಲದ್ದು, ಡ್ಯೂಟಿಗೆ ಆಗುತ್ತದೆ. ಯಾರದೋ ಮನೆಯ ನಲ್ಲಿ ತೊಟ್ಟಿಕ್ಕಿ ಗೋಡೆಯೆಲ್ಲ ಪಾಚಿ ಹಿಡಿದಿತ್ತು. ನಮ್ಮ ಅಡುಗೆಮನೆಯದೂ ಹೀಗೆಯೇ ಆಗುವುದರಲ್ಲಿತ್ತು, ವಾಷರು ಹೋಗಿ ಎಷ್ಟು ದಿನವಾಯಿತು. ಪ್ಲಂಬರನ್ನು ಕರೆದರೆ ಅವನು ಬರುವುದಿಲ್ಲ, ಬಂದರೆ ನಲ್ಲಿಯನ್ನೇ ಬದಲಾಯಿಸಬೇಕು ಎನ್ನುತ್ತಾನೆ. ಅವನ ಉಸಾಬರಿಯೇ ಬೇಡ, ಮಗ ಮುಂದಿನ ರಜೆಗೆ ಬಂದಾಗ ಅವನ ಕೈಯಲ್ಲೇ ಹಾಕಿಸಿದರಾಯಿತು ಎಂದುಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬ್ಯಾಂಡಿನ ಜೊತೆ ಬಿರಬಿರನೆ ನಡೆದೆ.

ಬ್ಯಾರಕ್ಕಿನ ಬಾಗಿಲಲ್ಲಿ ರಾಗ ನಿಂತಿತು.

ನಾನು ಇನ್ನೂ ನಾಲ್ಕು ಹೆಜ್ಜೆ ಮುಂದೆ ಹೋಗಿದ್ದೆ. ನಿಂತು ತಿರುಗಿದೆ. ಎಲ್ಲರ ಮುಖ ನೋಡಿದೆ, ಒಂದು ಮುಖಕ್ಕಾಗಿ. ಆಗ ನೆನಪಾಯಿತು. ಫೋನು ಬಂದ ದಿನ ಹೇಗೆ ತಿಳಿಯಿತೋ ಹಾಗೆಯೇ ಎಲ್ಲ ಇನ್ನೊಮ್ಮೆ ಮೊದಲಿನಿಂದ ತಿಳಿಯಿತು, ನಡುವೆ ಯಾವ ರಿಯಾಯಿತಿಯೂ ಇಲ್ಲದೆ. ಬಾಗಿಲಿನ ಕಂಬ ಹಿಡಿದುಕೊಂಡೆ. ಅಷ್ಟು ದಾರಿ ನಾನು ಅವನನ್ನು ಮರೆತಿದ್ದೆ. ಅಲ್ಲ, ಅವನನ್ನು ಮರೆತಿರಲಿಲ್ಲ, ಅವನು ಸತ್ತದ್ದನ್ನು ಮರೆತಿದ್ದೆ. ಆ ಅಷ್ಟು ದಾರಿಯಲ್ಲಿ ಅವನು ಬದುಕಿದ್ದ.

ಬ್ಯಾಂಡ್ ಮಾಸ್ಟರು ನನ್ನ ಮುಖ ನೋಡಿ ಹತ್ತಿರ ಬಂದರು. ಕೂತುಕೊಳ್ಳಿ, ನೀರು ತರಿಸುತ್ತೇನೆ ಎಂದರು. ನನಗೆ ಆಗ ಅಳು ಬಂದಿತ್ತು, ಕೊನೆಗೂ, ಮಾತಿನ ನಡುವೆ ಸಿಕ್ಕಿಕೊಳ್ಳುವ ಹಾಗೆ.

"ಇನ್ನೊಂದ್ಸಲ ನುಡಿಸಿ," ಎಂದೆ.

"ಒಬ್ಬರಿಗೆ ಒಂದೇ ಸಲ ಅಮ್ಮಾ," ಎಂದರು ಅವರು. ಡ್ರಮ್ಮಿನವರು ಆಗಲೇ ಹೆಗಲಿನ ಪಟ್ಟಿ ಬಿಚ್ಚಿ ಒಳಗೆ ಹೋಗುತ್ತಿದ್ದರು.